ಸ್ಥಾವರವೋ ಜಂಗಮವೋ? ಕಡಲಿನ ಅಕಶೇರುಕ ಪ್ರಾಣಿಗಳ ಅಪೂರ್ವ ಸ್ನೇಹದ್ರವ್ಯಗಳ ರಚನಾವಿಚಾರ

೧. ವಿಷಯಪ್ರವೇಶ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿಗೆ ಸೇರಿದ ಎಕಂಬಾ ಗ್ರಾಮವು ಸಮುದ್ರದಿಂದ ಬಹುದೂರದಲ್ಲಿರುವುದು. ಇಲ್ಲಿಯ ಜನರಿಗೆ ಕಡಲೆಂದರೆ ದೇವರ ಮನೆಯ ಶಂಖ, ಮಕ್ಕಳ ಕೊರಳಿನ ಕವಡೆ, ಮೂಗುತಿಯ ಮುತ್ತು, ಜೋಯಿಸರ ಮಾತಿನಂತೆ ಮಾಡಿಸಿಕೊಂಡ ಹವಳದ ಉಂಗುರ, ಇಷ್ಟೇ. ಇವೆಲ್ಲವೂ ಬೆನ್ನೆಲುಬಿಲ್ಲದ, ಅರ್ಥಾತ್ ಅಕಶೇರುಕವಾದ, ಕಡಲ ಪ್ರಾಣಿಗಳ ಮೈಯಿಂದ ಬಂದ ವಸ್ತುಗಳೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಪ್ರಾಣಿಯು ಅಳಿದು, ಅದರ ಮನೆ ಮಾತ್ರ ನಮ್ಮ ಕೈ ಸೇರಿರುತ್ತದೆ.

ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ರೈತನೊಬ್ಬನು ಜಾತ್ರೆಯಲ್ಲಿ ಕೊಂಡ ವಸ್ತುವೊಂದನ್ನು ಗಾಜಿನ ಚೌಕಟ್ಟಿನಲ್ಲಿಟ್ಟುಕೊಂಡು ನನ್ನ ಬಳಿಗೆ ಬಂದನು. ಕಪ್ಪಾದ ಸಣ್ಣ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಬೀಸಣಿಗೆಯಂತೆ ಹರಡಿದ್ದ ಆ ವಸ್ತುವಿಗೆ ಮಾರಿದವನು 'ಇಂದ್ರಜಾಲದ ಬೇರು' ಎಂದು ಹೆಸರು ಹೇಳಿ, ಬಾಗಿಲ ಮೇಲೆ ತೂಗಹಾಕಿದರೆ ದೃಷ್ಟಿದೋಷವೂ ಸಾಲದ ಬಾಧೆಯೂ ಹೋಗುವುವೆಂದು ನಂಬಿಸಿದ್ದನಂತೆ. "ಶಾಸ್ತ್ರಿಗಳ, ಇದು ಯಾವ ಗಿಡದ ಬೇರದ? ನಿಮ್ಮ ಪುಸ್ತಕದಾಗ ಏನರ ಅದನ್ರಿ?" ಎಂದು ಅವನು ಕೇಳಿದನು. ಇಂದ್ರಯವ, ಇಂದ್ರವಾರುಣಿ ಎಂಬ ಮೂಲಿಕೆಗಳ ಹೆಸರನ್ನು ನಿಘಂಟುಗಳಲ್ಲಿ ಓದಿದ್ದ ನಾನು, ಹೆಸರಿನ ಸಾದೃಶ್ಯವನ್ನೇ ಆಧಾರವಾಗಿಟ್ಟುಕೊಂಡು, ಇದೂ ಅಂತಹುದೇ ಒಂದು ವನಸ್ಪತಿಯಿರಬೇಕೆಂದು ಹೇಳಿಬಿಟ್ಟೆನು. ಪಂಡಿತನ ಮಾತೆಂದು ಆತನು ನಂಬಿದನು. ಆತನ ಮಾತನ್ನು ಕೇಳಿ ಇನ್ನಿಬ್ಬರು ಹಣ ಕೊಟ್ಟು ಅದನ್ನು ತಂದರು.

ಪ್ರಾಣಿಶಾಸ್ತ್ರವನ್ನು ಓದಿದ ನನ್ನ ಸೋದರಳಿಯನು ರಜೆಯಲ್ಲಿ ಬಂದಾಗ ಅದನ್ನು ನೋಡಿ ನಕ್ಕು, "ಮಾವ, ಇದು ಬೇರಲ್ಲ, ಕಡಲಬೀಸಣಿಗೆಯೆಂಬ ಹವಳಜಾತಿಯ ಪ್ರಾಣಿಯ ಗೂಡು" ಎಂದನು. ಒಂದು ತುಂಡನ್ನು ಮುರಿದು ದೀಪಕ್ಕೆ ಹಿಡಿದನು. ಕಟ್ಟಿಗೆಯ ಹೊಗೆಯ ವಾಸನೆ ಬರಲಿಲ್ಲ. ಕೂದಲು ಸುಟ್ಟ ವಾಸನೆ ಬಂದಿತು. ಆ ಗೂಡಿನ ನಡುಗಟ್ಟು ಕೊಂಬು, ಉಗುರುಗಳ ಜಾತಿಯ ಪ್ರೋಟೀನಿನಿಂದ ಆಗಿರುವುದೇ ಇದಕ್ಕೆ ಕಾರಣ. ನನ್ನ ಉತ್ತರವು ತಪ್ಪಾಗಿತ್ತು. ಆ ತಪ್ಪಿನ ಪ್ರಾಯಶ್ಚಿತ್ತವಾಗಿ ಕಡಲಿನ ಈ ಜೀವಿಗಳ ವಿಷಯವಾಗಿ ತಿಳಿದವರಿಂದ ಕೇಳಿ ಓದಿದುದನ್ನು ಕ್ರಮಪಡಿಸಿ ವಾಚಕರ ಮುಂದಿಡುತ್ತಿದ್ದೇನೆ. ಒಂದು ವಸ್ತುವು ಗಿಡದಿಂದ ಬಂದುದೋ ಪ್ರಾಣಿಯಿಂದ ಬಂದುದೋ ಎಂಬುದನ್ನು ಅದರ ಹೆಸರೂ ಆಕಾರವೂ ಹೇಳದಿದ್ದಾಗ, ಅದರೊಳಗಿನ ಸ್ನೇಹದ್ರವ್ಯದ ರಚನೆಯು ಹೇಳಬಲ್ಲುದೇ? ಇದೇ ಇಲ್ಲಿಯ ಪ್ರಶ್ನೆ.

೨. ಸ್ನೇಹದ ಎರಡು ಮೂಲಗಳು

ಎಣ್ಣೆ, ತುಪ್ಪ, ಕೊಬ್ಬು ಮೊದಲಾದ ಜಿಡ್ಡಿನ ಪದಾರ್ಥಗಳಿಗೆಲ್ಲ ನಮ್ಮ ವೈದ್ಯಶಾಸ್ತ್ರದಲ್ಲಿ ಸ್ನೇಹವೆಂಬ ಒಂದೇ ಹೆಸರಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಘೃತ, ತೈಲ, ವಸಾ, ಮಜ್ಜಾ ಎಂದು ನಾಲ್ಕು ಉತ್ತಮ ಸ್ನೇಹಗಳನ್ನು ಎಣಿಸಿ, ಸ್ನೇಹಕ್ಕೆ ಸ್ಥಾವರ, ಜಂಗಮವೆಂದು ಎರಡು ಮೂಲಗಳನ್ನು ಹೇಳಿದೆ. ಎಳ್ಳು ಮೊದಲಾದುವುಗಳಿಂದ ಬಂದುದು ಸ್ಥಾವರ. ಹಸು, ಮೀನು, ಹಕ್ಕಿ ಮೊದಲಾದುವುಗಳಿಂದ ಬಂದುದು ಜಂಗಮ. ಕಲ್ಯಾಣದ ಈ ನಾಡಿನಲ್ಲಿ ಈ ಎರಡು ಪದಗಳಿಗೆ ಬೇರೊಂದು ಗಂಭೀರಾರ್ಥವೂ ಉಂಟು. ಪ್ರಕೃತದಲ್ಲಿ ವೈದ್ಯಶಾಸ್ತ್ರದ ಅರ್ಥವನ್ನು ಮಾತ್ರ ಗ್ರಹಿಸಬೇಕು. ಇಂದಿನ ರಸಾಯನಶಾಸ್ತ್ರವು ಲಿಪಿಡ್ ಎಂದು ಕರೆಯುವ ವರ್ಗವು ಹೆಚ್ಚುಕಡಿಮೆ ಈ ಸ್ನೇಹವರ್ಗವೇ ಆದುದರಿಂದ, ನಾನು ಅದನ್ನು ಸ್ನೇಹದ್ರವ್ಯವೆಂದೂ, ಅದರ ಮುಖ್ಯ ಅವಯವವನ್ನು ಸ್ನೇಹಾಮ್ಲವೆಂದೂ ಕರೆದಿದ್ದೇನೆ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೇ ಮೇದಾಮ್ಲ, ಕೊಬ್ಬಿನ ಆಮ್ಲ ಎಂಬ ಹೆಸರುಗಳಿವೆ.

ಪ್ರಾಚೀನರ ಈ ವಿಭಾಗವು ನೆಲದ ಜೀವಿಗಳ ಮಟ್ಟಿಗೆ ಬಹಳ ಚೆನ್ನಾಗಿ ನಿಲ್ಲುವುದೆಂಬುದು ಗಮನಿಸತಕ್ಕ ಸಂಗತಿ. ಪ್ರಾಣಿಗಳ ಕೊಬ್ಬಿನೊಡನೆ ಕೊಲೆಸ್ಟೆರಾಲ್ ಎಂಬ ಪದಾರ್ಥವು ಪ್ರಧಾನವಾಗಿ ಕಾಣಬರುತ್ತದೆ. ಫ್ರಾನ್ಸ್ ದೇಶದ ಶೆವ್ರಲ್ ಎಂಬ ರಸಾಯನಜ್ಞನು ೧೮೧೬ರಲ್ಲಿ ಪಿತ್ತಕೋಶದ ಕಲ್ಲಿನಿಂದ ಪಡೆದ ಪದಾರ್ಥಕ್ಕೆ ಇಟ್ಟ ಹೆಸರೇ ಈ ಹೆಸರಿಗೆ ಮೂಲ. ಗಿಡಗಳ ಎಣ್ಣೆಯಲ್ಲಿ ಪ್ರಧಾನವಾಗಿರುವುದು ಇದರ ಸೋದರನಂತಿರುವ ಸಿಟೋಸ್ಟೆರಾಲ್. ಕೊಲೆಸ್ಟೆರಾಲಿನ ಕಣದಲ್ಲಿ ೨೭ ಇಂಗಾಲದ ಪರಮಾಣುಗಳು, ಸಿಟೋಸ್ಟೆರಾಲಿನಲ್ಲಿ ೨೯. ಎರಡು ಇಂಗಾಲಗಳ ಈ ವ್ಯತ್ಯಾಸವೇ ಜಂಗಮ ಸ್ಥಾವರಗಳ ಗಡಿರೇಖೆಯಂತೆ ನಿಂತಿದೆ. ತುಪ್ಪಕ್ಕೆ ಗಿಡದ ಎಣ್ಣೆಯನ್ನು ಬೆರೆಸಿದವನ ಮೋಸವನ್ನು ಪರೀಕ್ಷಕರು ಇದೇ ಗುರುತಿನಿಂದ ಹಿಡಿಯಬಲ್ಲರು. ಆದರೆ ಕಡಲಿಗೆ ಇಳಿದ ಕೂಡಲೇ ಈ ರೇಖೆಯು ಕಲಕಿಹೋಗುತ್ತದೆ. ಅದನ್ನು ತಿಳಿಯಬೇಕಾದರೆ ಸ್ನೇಹಾಮ್ಲದ ಸಾಮಾನ್ಯ ರಚನೆಯನ್ನು ಮೊದಲು ಅರಿಯಬೇಕು.

೩. ಸ್ನೇಹಾಮ್ಲದ ಸಾಮಾನ್ಯ ರಚನೆಯೂ ಅದರ ಪದಚ್ಛೇದವೂ

ಸ್ನೇಹಾಮ್ಲವೆಂಬುದು ಇಂಗಾಲದ ಪರಮಾಣುಗಳ ಒಂದು ಸರಪಳಿ. ಅದರ ಒಂದು ತುದಿಯಲ್ಲಿ ಆಮ್ಲಗುಣವುಳ್ಳ ತಲೆಯಿರುತ್ತದೆ; ತಲೆಯ ಇಂಗಾಲವನ್ನೇ ಒಂದನೆಯದೆಂದು ಎಣಿಸುವರು. ಕೊಂಡಿಕೊಂಡಿಯ ನಡುವೆ ಸಾಮಾನ್ಯವಾಗಿ ಒಂದೇ ಬಂಧ; ಕೆಲವೆಡೆ ಮಾತ್ರ ಎರಡು ಬಂಧಗಳು. ಈ ದ್ವಿಬಂಧವಿರುವಲ್ಲಿ ಸರಪಳಿಯು ಮೊಣಕಾಲಿನಂತೆ ಬಾಗುತ್ತದೆ. ಬಾಗಿದ ಸರಪಳಿಗಳು ಒತ್ತಾಗಿ ಕೂಡಲಾರವು. ಅದುದರಿಂದಲೇ ಎಣ್ಣೆಯು ಚಳಿಗಾಲದಲ್ಲಿಯೂ ದ್ರವವಾಗಿರುವುದು, ತುಪ್ಪವು ಗಟ್ಟಿಯಾಗುವುದು.

ನಮ್ಮ ಸೀಮೆಯ ಕುಸುಬೆಯ ಎಣ್ಣೆಯನ್ನೇ ನೋಡೋಣ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಲಿನೊಲೀಯಿಕ್ ಎಂಬ ಆಮ್ಲವಿರುತ್ತದೆ. ಅದರ ಸರಪಳಿಯಲ್ಲಿ ೧೮ ಇಂಗಾಲಗಳು. ೯ನೆಯ ಮತ್ತು ೧೨ನೆಯ ಸ್ಥಾನಗಳಲ್ಲಿ ದ್ವಿಬಂಧಗಳು. ಅಗಸೆಯ ಎಣ್ಣೆಯ ಲಿನೊಲೆನಿಕ್ ಆಮ್ಲದಲ್ಲಿ ೯, ೧೨, ೧೫ ಎಂದು ಮೂರು ದ್ವಿಬಂಧಗಳು. ೯, ೧೨, ೧೫ ಎಂಬ ಈ ಏರಿಕೆಯಲ್ಲಿ ಒಂದು ಲಯವುಂಟು. ಎರಡು ದ್ವಿಬಂಧಗಳ ನಡುವೆ ಯಾವಾಗಲೂ ಒಂದೇ ಒಂದು ಬಿಡಿ ಇಂಗಾಲವು ನಿಂತಿರುತ್ತದೆ. ನೆಲದ ಗಿಡಗಳ ಮತ್ತು ಪ್ರಾಣಿಗಳ ಬಹುಪಾಲು ಸ್ನೇಹಾಮ್ಲಗಳು ಈ ನಿಯಮವನ್ನು ಮೀರುವುದಿಲ್ಲ.

ಕಣ್ಣಿಗೆ ಕಾಣದ ಈ ಸ್ಥಾನಗಳನ್ನು ಹೇಗೆ ಅರಿತರೆಂದು ವಾಚಕರು ಕೇಳಬಹುದು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ, ಇದೊಂದು ಪದಚ್ಛೇದ. ಸಂಧಿಯಾದ ಎಡೆಯಲ್ಲಿ ಪದಗಳನ್ನು ಬಿಡಿಸಿದಂತೆ, ಓಝೋನ್ ಎಂಬ ಅನಿಲವು ಸರಪಳಿಯನ್ನು ದ್ವಿಬಂಧವಿರುವಲ್ಲಿಯೇ ಕತ್ತರಿಸುವುದು. ಕುಸುಬೆಯ ಆಮ್ಲವನ್ನು ಹೀಗೆ ಕತ್ತರಿಸಿದರೆ ೯, ೩, ೬ ಇಂಗಾಲಗಳ ಮೂರು ತುಂಡುಗಳು ದೊರೆಯುವುವು, ಕೂಡಿಸಿದರೆ ೧೮. ತುಂಡುಗಳ ಉದ್ದವನ್ನು ತಿಳಿದರೆ ಸಂಧಿಸ್ಥಾನವು ತಾನಾಗಿ ತಿಳಿಯುತ್ತದೆ. ೧೯೫೨ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ಸ್ನೇಹಾಮ್ಲಗಳನ್ನು ಆವಿಯ ರೂಪದಲ್ಲಿ ಬೇರೆಬೇರೆಯಾಗಿ ಸೋಸುವ ವಿಧಾನವನ್ನು ಬಳಕೆಗೆ ತಂದ ಮೇಲೆ, ಮತ್ತು ಕಣಗಳನ್ನು ಒಡೆದು ಚೂರುಗಳ ತೂಕವನ್ನು ಅಳೆಯುವ ಯಂತ್ರಗಳು ಬಂದ ಮೇಲೆ, ಚಿಟಿಕೆಯಷ್ಟು ದ್ರವ್ಯದಿಂದಲೇ ಈ ಛೇದಕಾರ್ಯವು ಸಾಧ್ಯವಾಯಿತು.

೪. ಸ್ಪಂಜು ಮತ್ತು ಚಿಪ್ಪಿನ ಪ್ರಾಣಿಗಳ ಲಯಭಂಗ

ಹೀಗೆ ಛೇದಿಸಿ ನೋಡಿದಾಗ ಕಡಲ ಸ್ಪಂಜುಗಳಲ್ಲಿ ಕಂಡುದು ಆಶ್ಚರ್ಯಕರವಾದುದು. ಸ್ಪಂಜೆಂಬುದು ಬಾಯಿ, ಹೊಟ್ಟೆ, ನರಗಳೊಂದೂ ಇಲ್ಲದೆ, ಮೈಯ ತೂತುಗಳ ಮೂಲಕ ನೀರನ್ನು ಸೋಸಿ ಬದುಕುವ ಬಹು ಸರಳವಾದ ಪ್ರಾಣಿ. ೧೯೭೪ರಲ್ಲಿ ಅಮೆರಿಕದ ಲಿಚ್‌ಫೀಲ್ಡ್ ಮತ್ತು ಅವರ ಸಹಕಾರಿಗಳು ಮೈಕ್ರೊಸಿಯೋನಾ ಎಂಬ ಕೆಂಪು ಸ್ಪಂಜಿನಲ್ಲಿ ೨೬ ಇಂಗಾಲಗಳ ಸ್ನೇಹಾಮ್ಲವನ್ನು ಕಂಡರು. ಅದರ ದ್ವಿಬಂಧಗಳು ೫ನೆಯ ಮತ್ತು ೯ನೆಯ ಸ್ಥಾನಗಳಲ್ಲಿದ್ದುವು. ಓಝೋನಿನ ಲೆಕ್ಕದಲ್ಲಿ ತುಂಡುಗಳು ೫, ೪, ೧೭. ಕುಸುಬೆಯ ಆಮ್ಲದೊಡನೆ ಇದನ್ನು ಹೋಲಿಸಿದರೆ ಎರಡು ವೈಲಕ್ಷಣ್ಯಗಳು ತೋರುವುವು. ಸರಪಳಿಯು ಎಂಟು ಇಂಗಾಲಗಳಷ್ಟು ಉದ್ದ. ದ್ವಿಬಂಧಗಳ ನಡುವೆ ಒಂದರ ಬದಲು ಎರಡು ಬಿಡಿ ಇಂಗಾಲಗಳು. ಮುಂದೆ ಅನೇಕ ಸ್ಪಂಜುಗಳಲ್ಲಿ ೨೪ರಿಂದ ೩೦ ಇಂಗಾಲಗಳವರೆಗಿನ ಇಂತಹ ಆಮ್ಲಗಳು ದೊರೆತುವು. ಈ ಸ್ಪಂಜುಗಳ ಗಣದ ಹೆಸರಿನಿಂದಲೇ ಅವುಗಳಿಗೆ ಡೆಮೊಸ್ಪಾಂಜಿಕ್ ಆಮ್ಲಗಳೆಂದು ಹೆಸರಾಯಿತು. ಇವು ಕೂಡಿಟ್ಟ ಕೊಬ್ಬಿನಲ್ಲಿರುವುದಕ್ಕಿಂತ ಜೀವಕಣದ ಹೊರಪೊರೆಯಲ್ಲಿ ವಿಶೇಷವಾಗಿರುತ್ತವೆ. ಅಂದರೆ ಇವು ಕಣಜದ ಕಾಳಲ್ಲ, ಗೋಡೆಯ ಕಲ್ಲು.

ನಮ್ಮ ಕರಾವಳಿಯವರಿಗೆ ಪರಿಚಿತವಾದ ಚಿಪ್ಪಿನ ಪ್ರಾಣಿಗಳ ವರ್ಗದಲ್ಲಿಯೂ ಲಯಭಂಗವುಂಟು. ಮಂಗಳೂರಿನ ಕಡೆ ಪಚ್ಚಿಲೆ, ಮರುವಾಯಿ ಎಂದೂ, ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂದೂ ಕರೆದು ತಿನ್ನುವ ಈ ಜೀವಿಗಳೆಲ್ಲ ಎರಡು ಚಿಪ್ಪುಗಳುಳ್ಳ ದ್ವಿಪುಟವರ್ಗದವು. ಮುತ್ತನ್ನು ಕೊಡುವ ಸಿಂಪಿಯೂ ಇದೇ ವರ್ಗದ್ದು. ದ್ವಿಪುಟಗಳಲ್ಲಿ ೨೦ ಇಂಗಾಲಗಳ ಸರಪಳಿಗೆ ೫, ೧೧ ಅಥವಾ ೫, ೧೩ರಲ್ಲಿಯೂ, ೨೨ ಇಂಗಾಲಗಳ ಸರಪಳಿಗೆ ೭, ೧೩ ಅಥವಾ ೭, ೧೫ರಲ್ಲಿಯೂ ದ್ವಿಬಂಧಗಳಿರುವ ಆಮ್ಲಗಳು ಕಾಣಬರುತ್ತವೆ. ಕೊನೆಯದರಲ್ಲಿ ಎರಡು ಬಾಗುಗಳ ನಡುವೆ ಆರು ಬಿಡಿ ಇಂಗಾಲಗಳಿರುವುವು. ಛೇದಿಸಿದರೆ ೭, ೮, ೭.

ಈ ಆಮ್ಲಗಳು ತಿಂದ ಪಾಚಿಯಿಂದ ಬಂದುವೋ, ಪ್ರಾಣಿಯೇ ಮಾಡಿಕೊಂಡುದೋ ಎಂಬ ವಿವಾದವಿತ್ತು. ವ್ಲಾಡಿವೊಸ್ಟಾಕ್ ನಗರದ ಝುಕೋವಾ ಎಂಬ ವಿದುಷಿಯು ಗುರುತು ಹಾಕಿದ ಮೂಲದ್ರವ್ಯವನ್ನು ಚಿಪ್ಪಿನ ಪ್ರಾಣಿಗಳಿಗೆ ಕೊಟ್ಟು, ಪ್ರಾಣಿಯ ಅಂಗಾಂಶವೇ ಈ ಆಮ್ಲಗಳನ್ನು ಕಟ್ಟುವುದೆಂದು ೧೯೯೧ರಲ್ಲಿ ನಿರೂಪಿಸಿದರು. ಏತಕ್ಕಾಗಿ ಕಟ್ಟುವುದೆಂಬುದರಲ್ಲಿ ಮತಭೇದವಿದೆ. ಒಂದೇ ಬಿಡಿ ಇಂಗಾಲವಿರುವ ಎಡೆಯಲ್ಲಿ ಗಾಳಿಯ ಆಮ್ಲಜನಕವು ಸುಲಭವಾಗಿ ತಗುಲಿ ಎಣ್ಣೆಯನ್ನು ಕಮಟಾಗಿಸುವುದರಿಂದ, ಆ ಎಡೆಯನ್ನು ಅಗಲಿಸಿದ ಈ ಆಮ್ಲಗಳು ಪೊರೆಗೆ ಬಾಗನ್ನೂ ಬಾಳಿಕೆಯನ್ನೂ ಕೊಡುವುವೆಂದು ಹಲವರ ಊಹೆ.

೫. ಕಡಲ ಹೂವೂ ಬೀದರದ ಕುರಿಯೂ

ಪೊರೆಯ ಸ್ನೇಹದ್ರವ್ಯಕ್ಕೆ ಸ್ನೇಹಾಮ್ಲದ ಬಾಲದಂತೆ, ನೀರನ್ನು ಒಲ್ಲೆನೆನ್ನದ ತಲೆಯೂ ಬೇಕು. ಆ ತಲೆಯಲ್ಲಿ ಸಾಮಾನ್ಯವಾಗಿ ರಂಜಕವೆಂಬ ಮೂಲವಸ್ತುವಿರುತ್ತದೆ. ರಂಜಕಕ್ಕೂ ಇಂಗಾಲಕ್ಕೂ ನಡುವೆ ಆಮ್ಲಜನಕವು ಮಧ್ಯಸ್ಥನಂತೆ ನಿಲ್ಲುವುದು ಸರ್ವಸಾಮಾನ್ಯವಾದ ಪದ್ಧತಿ. ಕಡಲ ಹೂವೆಂದು ಕರೆಯಿಸಿಕೊಳ್ಳುವ, ಹೂವಿನಂತೆ ಅರಳಿ ಮೀನನ್ನು ಹಿಡಿದು ತಿನ್ನುವ ಪ್ರಾಣಿಯಲ್ಲಿ ಈ ಮಧ್ಯಸ್ಥನಿಲ್ಲದೆ ರಂಜಕವು ಇಂಗಾಲವನ್ನು ನೇರವಾಗಿ ಹಿಡಿದಿರುವ ದ್ರವ್ಯವಿದೆ. ೧೯೬೩ರಲ್ಲಿ ರೌಸರ್ ಮತ್ತು ಅವರ ಸಹಕಾರಿಗಳು ಅದನ್ನು ಸ್ನೇಹದ್ರವ್ಯದ ರೂಪದಲ್ಲಿಯೇ ಗುರುತಿಸಿದರು. ಸಿಂಪಿಗಳಲ್ಲಿಯೂ ಇತರ ಚಿಪ್ಪಿನ ಪ್ರಾಣಿಗಳಲ್ಲಿಯೂ ಅದು ದೊರೆಯಿತು. ರಂಜಕದ ಸಾಮಾನ್ಯ ಬಂಧವನ್ನು ಕತ್ತರಿಸುವ ಜೀರ್ಣಕಾರಿಗಳು ಈ ನೇರಬಂಧವನ್ನು ಕತ್ತರಿಸಲಾರವು.

ಕಡಲಿನದೇ ವಿಶೇಷವೆಂದು ನಾವು ಇಲ್ಲಿ ನಿಲ್ಲಿಸಿದರೆ ತಪ್ಪಾಗುತ್ತದೆ. ಏಕೆಂದರೆ ಈ ನೇರಬಂಧವುಳ್ಳ ಅಮಿನೊ ಈಥೈಲ್ ಫಾಸ್ಫೋನಿಕ್ ಆಮ್ಲವು ಜೀವಿಗಳಲ್ಲಿ ಮೊಟ್ಟಮೊದಲು ದೊರೆತುದು ಕಡಲಿನಲ್ಲಲ್ಲ. ಜಪಾನಿನ ಹೊರಿಗುಚಿ ಮತ್ತು ಕಂಡತ್ಸು ಎಂಬವರು ೧೯೫೯ರಲ್ಲಿ ಅದನ್ನು ಕಂಡುದು ಕುರಿಯ ಮೊದಲನೆಯ ಹೊಟ್ಟೆಯಲ್ಲಿ ವಾಸಿಸುವ, ರೋಮಗಳಿಂದ ಈಜಾಡುವ ಸೂಕ್ಷ್ಮಜೀವಿಗಳಲ್ಲಿ. ಮಾಂಜ್ರಾ ನದಿಯ ಬಯಲಿನಲ್ಲಿ ಮೇಯುವ ನಮ್ಮ ಕುರಿಗಳ ಹೊಟ್ಟೆಯಲ್ಲಿಯೂ ಅಂತಹ ಸೂಕ್ಷ್ಮಜೀವಿಗಳೇ ಇರುವುವು. ಕಡಲನ್ನು ಕಾಣದ ಕುರುಬನು ಕಡಲ ಹೂವಿನ ದ್ರವ್ಯವನ್ನು ದಿನವೂ ಅಟ್ಟಿಕೊಂಡು ತಿರುಗುತ್ತಿರುವನು! ಇದರಿಂದ ಕಲಿಯತಕ್ಕ ನ್ಯಾಯವೇನೆಂದರೆ, ಒಂದು ದ್ರವ್ಯವು ಒಂದೆಡೆ ಕಂಡ ಮಾತ್ರಕ್ಕೆ ಅದು ಅಲ್ಲಿ ಮಾತ್ರ ಇರುವುದೆಂದು ವ್ಯಾಪ್ತಿಯನ್ನು ಕಟ್ಟಬಾರದು.

೬. ಗೊರ್ಗೊಸ್ಟೆರಾಲಿನ ಮುಕ್ಕೋನ

ಇನ್ನು ಕಡಲಬೀಸಣಿಗೆಯ ವಿಷಯಕ್ಕೆ ಬರೋಣ. ಹವಳದಂತೆ ಇದೂ ಸಾವಿರಾರು ಸಣ್ಣ ಪ್ರಾಣಿಗಳ ಒಂದು ಒಕ್ಕಲು. ಪ್ರತಿಯೊಂದು ಪ್ರಾಣಿಗೂ ಬಾಯಿಯ ಸುತ್ತಲೂ ಗರಿಯಂತಹ ಎಂಟು ಕೈಗಳಿರುವುದರಿಂದ ಈ ಗಣವನ್ನು ಅಷ್ಟಭುಜ ಹವಳಗಳೆನ್ನಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವರ್ನರ್ ಬರ್ಗ್‌ಮನ್ನರು ಕಡಲಿನ ಅಕಶೇರುಕಗಳ ಸ್ಟೆರಾಲುಗಳನ್ನು ಹಲವು ವರ್ಷಗಳ ಕಾಲ ಶೋಧಿಸುತ್ತ, ೧೯೪೩ರಲ್ಲಿ ತಮ್ಮ ಸಹಕಾರಿಗಳೊಡನೆ ಕಡಲಬೀಸಣಿಗೆಯ ಜಾತಿಯೊಂದರಿಂದ ಗೊರ್ಗೊಸ್ಟೆರಾಲೆಂಬ ಹೊಸ ದ್ರವ್ಯವನ್ನು ಪ್ರಕಟಿಸಿದರು. ಅದರ ಪೂರ್ಣ ರಚನೆಯು ಬಿಡಿಸಿಬರಲು ೧೯೭೦ರವರೆಗೆ ಕಾಯಬೇಕಾಯಿತು.

ಸ್ಟೆರಾಲುಗಳ ಕಣವು ನಾಲ್ಕು ಉಂಗುರಗಳನ್ನು ಬೆಸೆದ ಒಂದು ಬಿಲ್ಲೆ. ಮೂರು ಉಂಗುರಗಳು ಷಟ್ಕೋನ, ಒಂದು ಪಂಚಕೋನ. ಆ ಬಿಲ್ಲೆಗೆ ಒಂದು ಬಾಲವಿರುತ್ತದೆ. ಕೊಲೆಸ್ಟೆರಾಲಿನ ಬಾಲದಲ್ಲಿ ಎಂಟು ಇಂಗಾಲಗಳು. ಸಿಟೋಸ್ಟೆರಾಲಿನಲ್ಲಿ ಆ ಬಾಲದ ೨೪ನೆಯ ಸಂಖ್ಯೆಯ ಇಂಗಾಲಕ್ಕೆ ಎರಡು ಇಂಗಾಲಗಳ ಕವಲೊಂದು ಹೆಚ್ಚಾಗಿ ಅಂಟಿರುತ್ತದೆ. ಗೊರ್ಗೊಸ್ಟೆರಾಲಿನಲ್ಲಿ ಒಟ್ಟು ೩೦ ಇಂಗಾಲಗಳು. ಹೆಚ್ಚಿನ ಮೂರರಲ್ಲಿ ಎರಡು ಕವಲುಗಳಾಗಿ ನಿಂತಿವೆ. ಮೂರನೆಯದು ಬಾಲದ ೨೨ ಮತ್ತು ೨೩ನೆಯ ಇಂಗಾಲಗಳೆರಡನ್ನೂ ಹಿಡಿದುಕೊಂಡು ಮೂರು ಮೂಲೆಗಳ ಉಂಗುರವನ್ನು ಕಟ್ಟಿದೆ. ಇಂಗಾಲವು ತನ್ನ ಬಂಧಗಳನ್ನು ಅಗಲವಾಗಿ ಚಾಚಲು ಬಯಸುವ ವಸ್ತು; ಮುಕ್ಕೋನದಲ್ಲಿ ಅವು ಇಕ್ಕಟ್ಟಾಗಿ ಬಾಗಿರಬೇಕು. ಇಂತಹ ಬಿಗಿಯಾದ ರಚನೆಯನ್ನು ಬಾಲದಲ್ಲಿ ಹೊತ್ತ ಸ್ಟೆರಾಲು ಅದುವರೆಗೆ ತಿಳಿದಿರಲಿಲ್ಲ.

ಆದರೆ ಇದನ್ನು ಮಾಡಿದವರು ಯಾರು? ಬಿಸಿಲು ಬೀಳುವ ಬೆಚ್ಚನೆಯ ಕಡಲುಗಳಲ್ಲಿ ಅನೇಕ ಹವಳಪ್ರಾಣಿಗಳ ಮೈಯೊಳಗೆ ಕಂದುಬಣ್ಣದ ಏಕಕಣಜೀವಿಗಳು ಬಾಳುತ್ತವೆ. ಅವು ಗಿಡಗಳಂತೆ ಬಿಸಿಲಿನಿಂದ ಆಹಾರವನ್ನು ಮಾಡಿ ಮನೆಯೊಡೆಯನಿಗೆ ಪಾಲು ಕೊಡುತ್ತವೆ. ಚೀರೆಜ್ಕೊ ಎಂಬವರೂ ಅವರ ಸಹಕಾರಿಗಳೂ ಆ ಪಾಚಿಯ ಕಣಗಳನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅವುಗಳಲ್ಲಿಯೂ ಗೊರ್ಗೊಸ್ಟೆರಾಲ್ ಇರುವುದು ೧೯೬೮ರಲ್ಲಿ ಕಂಡುಬಂದಿತು. ಮುಂದಿನ ಶೋಧಗಳಿಂದ ಆ ಜಾತಿಯ ಪಾಚಿಯೇ ಅದರ ಮೂಲವೆಂದು ತಿಳಿಯಿತು. ಜಂಗಮದ ಮೈಯಲ್ಲಿ ದೊರೆತ ಸ್ನೇಹವು ಒಳಗಿದ್ದ ಬಾಡಿಗೆಯವನ ಕೈಕೆಲಸವಾಯಿತು. ಸ್ಥಾವರ ಜಂಗಮಗಳ ರೇಖೆಯು ಕಲಕಿತೆಂದು ಮೇಲೆ ಹೇಳಿದುದು ಇದನ್ನೇ.

೭. ಪೂರ್ವಪಕ್ಷವೂ ನಿರ್ಣಯವೂ

ಹಾಗಾದರೆ ಸ್ನೇಹದ್ರವ್ಯದ ಸಾಕ್ಷ್ಯದಿಂದ 'ಇಂದ್ರಜಾಲ'ದ ಮೂಲವನ್ನು ನಿರ್ಣಯಿಸುವುದು ಸಾಧ್ಯವೇ? 'ಇದು ಪ್ರಾಣಿ, ಗೊರ್ಗೊಸ್ಟೆರಾಲ್ ಇರುವುದರಿಂದ' ಎಂಬ ಅನುಮಾನವನ್ನು ಮೊದಲು ಪರೀಕ್ಷಿಸೋಣ. ಆಳವಾದ, ಬೆಳಕು ಕಡಮೆಯಾದ ಎಡೆಗಳಲ್ಲಿ ಬೆಳೆಯುವ ಅನೇಕ ಕಡಲಬೀಸಣಿಗೆಗಳಲ್ಲಿ ಒಳಪಾಚಿಗಳಿರುವುದಿಲ್ಲ. ಅಂತಹವುಗಳಲ್ಲಿ ಗೊರ್ಗೊಸ್ಟೆರಾಲನ್ನು ನಿರೀಕ್ಷಿಸುವಂತಿಲ್ಲ. ಇದು ಅವ್ಯಾಪ್ತಿ. ಪ್ರಾಣಿಯಲ್ಲದ ಪಾಚಿಯಲ್ಲಿಯೂ ಅದಿರುವುದರಿಂದ ಅತಿವ್ಯಾಪ್ತಿಯೂ ಉಂಟು. ಮುಕ್ಕೋನದ ಉಂಗುರವೊಂದೇ ಸಾಕೆನ್ನೋಣವೆಂದರೆ, ನಮ್ಮ ಹೊಲದ ಹತ್ತಿಕಾಳಿನ ಎಣ್ಣೆಯಲ್ಲಿಯೂ ಮೂರು ಮೂಲೆಯ ಉಂಗುರವುಳ್ಳ ಸ್ನೇಹಾಮ್ಲಗಳು ಸ್ವಲ್ಪಮಟ್ಟಿಗೆ ಇರುವುವು. ಆದುದರಿಂದ ಈ ಹೇತುವು ದುಷ್ಟವಾದುದು.

ಇದಕ್ಕಿಂತ ಉತ್ತಮವಾದ ಹೇತುವೊಂದಿದೆ. ವಿಸೋತ್ಸ್ಕಿ ಮತ್ತು ಸ್ವೆತಾಶೆವ್ ಎಂಬವರು ೧೯೯೧ರಲ್ಲಿ ಹವಳವರ್ಗದ ಪ್ರಾಣಿಗಳಿಂದ ೨೪ ಇಂಗಾಲಗಳ ಎರಡು ಸ್ನೇಹಾಮ್ಲಗಳನ್ನು ಬೇರ್ಪಡಿಸಿ ವರ್ಣಿಸಿದರು. ಒಂದರಲ್ಲಿ ೬, ೯, ೧೨, ೧೫, ೧೮ ಎಂದು ಐದು ದ್ವಿಬಂಧಗಳು. ಇನ್ನೊಂದರಲ್ಲಿ ಇವುಗಳ ಮೇಲೆ ೨೧ನೆಯದೂ ಸೇರಿ ಆರು. ಲಯವು ಸಾಮಾನ್ಯವಾದುದೇ, ಆದರೆ ಉದ್ದವು ಅಸಾಮಾನ್ಯ. ಅಷ್ಟಭುಜ ಹವಳಗಳಲ್ಲಿ ಇವು ಒಳಪಾಚಿಯಿರಲಿ ಇಲ್ಲದಿರಲಿ ಗಣನೀಯ ಪ್ರಮಾಣದಲ್ಲಿ ಕಾಣಬರುವುದರಿಂದ ಆ ಗಣಕ್ಕೇ ಗುರುತಾಗಿ ಪರಿಗಣಿತವಾಗಿವೆ. ಕಲ್ಲುಹವಳಗಳ ಗಣದಲ್ಲಿ ಇವು ಹೀಗೆ ಕಾಣುವುದಿಲ್ಲ. ನೆಲದ ಗಿಡದ ಬೇರಿನಲ್ಲಿ ೨೪ ಇಂಗಾಲ, ಆರು ದ್ವಿಬಂಧಗಳ ಆಮ್ಲವನ್ನು ಹುಡುಕುವುದು ಮರಳಿನಲ್ಲಿ ಎಣ್ಣೆಯನ್ನು ಹಿಂಡಿದಂತೆ. ಹೀಗಿರಲು, ತೊಗಟೆಯಂತೆ ಮುಚ್ಚಿಕೊಂಡಿರುವ ಮಾಂಸಭಾಗವು ಇನ್ನೂ ಉಳಿದಿರುವ ವಸ್ತುವಿನಲ್ಲಿ ಈ ಆಮ್ಲಗಳು ದೊರೆತರೆ, ಅದು ಬೇರಲ್ಲ, ಅಷ್ಟಭುಜ ಹವಳವೆಂದು ನಿಸ್ಸಂಶಯವಾಗಿ ಹೇಳಬಹುದು.

ಇಲ್ಲಿಯೂ ಒಂದು ಎಚ್ಚರಿಕೆಯುಂಟು. ಇಂತಹ ಬಹುದ್ವಿಬಂಧದ ಆಮ್ಲಗಳು ಗಾಳಿಬಿಸಿಲುಗಳಿಗೆ ಬೇಗ ಕೆಡುವುವು. ಗಾಜಿನ ಚೌಕಟ್ಟಿನಲ್ಲಿ ವರ್ಷಗಟ್ಟಲೆ ತೂಗಿದ ಗೂಡಿನಲ್ಲಿ ಅವು ಸಿಕ್ಕದಿದ್ದರೆ, ಸಿಕ್ಕದಿರುವುದರಿಂದ ಏನೂ ಸಿದ್ಧಿಸುವುದಿಲ್ಲ. ಇದ್ದರೆ ಸಾಕ್ಷಿ, ಇಲ್ಲದಿದ್ದರೆ ಮೌನ. ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಕಲ್ಲಿನೊಳಗಿನ ಸ್ನೇಹದ ವಿಷಯದಲ್ಲಿಯೂ ವಿದ್ವಾಂಸರು ಇದೇ ಎಚ್ಚರಿಕೆಯನ್ನು ಕಲಿಯಬೇಕಾಯಿತು. ೨೪ನೆಯ ಇಂಗಾಲಕ್ಕೆ ಮೂರು ಇಂಗಾಲಗಳ ಕವಲು ಅಂಟಿರುವ ಸ್ಟೆರಾಲೊಂದು ಕೆಲವು ಸ್ಪಂಜುಗಳಲ್ಲಿ ಹೇರಳವಾಗಿರುವುದು. ಸ್ಟೆರಾಲಿನ ಬಿಲ್ಲೆಯು ಮಣ್ಣಿನಡಿಯಲ್ಲಿ ಹುದುಗಿ, ಆಮ್ಲಜನಕವನ್ನು ಕಳೆದುಕೊಂಡೂ ತನ್ನ ಆಕಾರವನ್ನು ಕೋಟ್ಯಂತರ ವರ್ಷ ಉಳಿಸಿಕೊಳ್ಳಬಲ್ಲುದು. ಒಮಾನ್ ದೇಶದ ೬೩.೫ ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ಇ ಕವಲಿನ ಅವಶೇಷವನ್ನು ಕಂಡು, ಪ್ರಾಣಿಗಳ ಅತ್ಯಂತ ಹಳೆಯ ಗುರುತು ಇದೇ ಎಂದು ಲವ್ ಮತ್ತು ಅವರ ಸಹಕಾರಿಗಳು ೨೦೦೯ರಲ್ಲಿ ಪ್ರತಿಪಾದಿಸಿದರು. ಮುಂದೆ ೨೦೧೯ರಲ್ಲಿ ಬೇರೆ ಏಕಕಣಜೀವಿಗಳೂ ಇಂತಹ ಅವಶೇಷಕ್ಕೆ ಕಾರಣವಾಗಬಹುದೆಂದೂ, ೨೦೨೧ರಲ್ಲಿ ಪಾಚಿಯ ಸ್ಟೆರಾಲೇ ಭೂಗರ್ಭದಲ್ಲಿ ಮಾರ್ಪಟ್ಟು ಇದಾಗಬಹುದೆಂದೂ ಇತರರು ಆಕ್ಷೇಪಿಸಿದರು. ವಾದವು ಮುಗಿದಿಲ್ಲ. ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದಿನ ಕಲ್ಲೂ ಬಹು ಪ್ರಾಚೀನವಾದ ಕಡಲಿನ ಸುಣ್ಣದ ಕೆಸರು ಗಟ್ಟಿಯಾಗಿ ಆದುದೇ. ಅದರ ಮೇಲೆ ಕುಳಿತು ಈ ವಾದವನ್ನು ಓದುವಾಗ, ಕಡಲು ನಮ್ಮಿಂದ ದೂರವೆಂಬ ಮಾತು ಅಷ್ಟು ಸರಿಯಲ್ಲವೆಂದು ನನಗೆ ತೋರುತ್ತದೆ.

೮. ಪ್ರಯೋಜನ

ಪ್ರಯೋಜನವನ್ನು ಹೇಳದೆ ಶಾಸ್ತ್ರವನ್ನು ಮುಗಿಸಬಾರದಷ್ಟೆ. ರಚನೆಯ ಜ್ಞಾನದಿಂದ ಮನುಷ್ಯನಿಗೂ ಆ ಪ್ರಾಣಿಗೂ ಉಪಕಾರವಾದ ದೃಷ್ಟಾಂತವೊಂದಿದೆ. ಪ್ರೊಸ್ಟಗ್ಲಾಂಡಿನುಗಳೆಂಬ ಸ್ನೇಹದ್ರವ್ಯಗಳು ೨೦ ಇಂಗಾಲಗಳ ಆಮ್ಲದ ನಡುವೆ ಪಂಚಕೋನದ ಉಂಗುರವು ಕಟ್ಟಿಕೊಂಡುದರಿಂದ ಆದುವು. ನಮ್ಮ ದೇಹದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದು ಉರಿಯೂತ, ಹೆರಿಗೆ, ರಕ್ತಸಂಚಾರ ಮೊದಲಾದುವನ್ನು ನಡೆಯಿಸುವುವು. ಇವುಗಳ ಶೋಧಕ್ಕಾಗಿ ಬರ್ಗ್‌ಸ್ಟ್ರಾಂ, ಸ್ಯಾಮ್ಯುಯೆಲ್‌ಸನ್, ವೇನ್ ಎಂಬ ಮೂವರಿಗೆ ೧೯೮೨ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ೧೯೬೯ರಲ್ಲಿ ವೈನ್‌ಹೈಮರ್ ಮತ್ತು ಸ್ಪ್ರಾಗಿನ್ಸ್ ಎಂಬವರು ಕೆರಿಬಿಯನ್ ಕಡಲಿನ ಪ್ಲೆಕ್ಸೌರಾ ಹೊಮೊಮಲ್ಲಾ ಎಂಬ ಅಷ್ಟಭುಜ ಹವಳದಲ್ಲಿ, ಒಣಗಿದ ತೊಗಟೆಯ ತೂಕದ ನೂರಕ್ಕೆ ಒಂದಕ್ಕಿಂತಲೂ ಹೆಚ್ಚು ಪಾಲು ಇಂತಹ ದ್ರವ್ಯವನ್ನು ಕಂಡರು. ಔಷಧದ ಮೂಲದ್ರವ್ಯಕ್ಕಾಗಿ ಆ ಹವಳವನ್ನು ಕೆಲಕಾಲ ಕೊಯ್ದುದೂ ಉಂಟು. ಆದರೆ ಅದೇ ೧೯೬೯ರಲ್ಲಿ ಕೋರಿ ಎಂಬ ರಸಾಯನಜ್ಞರು ಈ ಜಾತಿಯ ದ್ರವ್ಯವನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟುವ ದಾರಿಯನ್ನು ತೋರಿಸಿದ್ದರು. ಆ ದಾರಿಯು ಸುಲಭವಾದಂತೆ ಹವಳದ ಕೊಯ್ಲಿನ ಅವಶ್ಯಕತೆಯು ತಪ್ಪಿತು. ರಚನೆಯನ್ನು ಅರಿತವನಿಗೆ ಪ್ರಾಣಿಯು ಬೇಕಾಗಲಿಲ್ಲ. ಅರಿಯದವನು ಗೂಡುಸಹಿತ ಕಿತ್ತು ತರುವನು.

ನ್ಯೂಜಿಲೆಂಡಿನ ಹಸಿರುತುಟಿಯ ಪಚ್ಚಿಲೆಯ ಎಣ್ಣೆಯು ಕೀಲುನೋವಿಗೆ ಔಷಧವೆಂದು ಬಹುಕಾಲದಿಂದ ಮಾರಲ್ಪಡುತ್ತಿತ್ತು. ೨೦೧೧ರಲ್ಲಿ ವಾಕಿಮೋತೊ ಮತ್ತು ಅವರ ಸಹಕಾರಿಗಳು ಅದರೊಳಗೆ, ನಾಲ್ಕು ಇಂಗಾಲ ಒಂದು ಆಮ್ಲಜನಕ ಸೇರಿದ ಫ್ಯುರಾನ್ ಉಂಗುರವುಳ್ಳ ಸ್ನೇಹಾಮ್ಲಗಳನ್ನು ಗುರುತಿಸಿ, ಉರಿಯೂತವನ್ನು ತಗ್ಗಿಸುವ ಶಕ್ತಿಯು ಅವುಗಳಲ್ಲಿ ಕಾಣುವುದೆಂದು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಇದು ಮನುಷ್ಯನಿಗೆ ಎಷ್ಟು ಫಲಕಾರಿಯೆಂಬುದು ಬೇರೆ ಪ್ರಶ್ನೆ. ಆದರೆ ಹೆಸರನ್ನು ನಂಬುವುದರಿಂದ ದ್ರವ್ಯವನ್ನು ಪರೀಕ್ಷಿಸುವುದರ ಕಡೆಗೆ ಇಟ್ಟ ಹೆಜ್ಜೆಯು ಇದು.

ಕಡೆಯದಾಗಿ ನಮ್ಮೂರಿನ ಮಾತು. ಕಡಲಬೀಸಣಿಗೆಗಳನ್ನು ಭಾರತ ಸರ್ಕಾರವು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ರಕ್ಷಿತ ಪಟ್ಟಿಗೆ ಸೇರಿಸಿತು. ಅವನ್ನು ಕೀಳುವುದೂ ಮಾರುವುದೂ ಅಪರಾಧ. ಸಂಸ್ಕೃತದಲ್ಲಿ ಇಂದ್ರಜಾಲವೆಂದರೆ ಕಣ್ಕಟ್ಟು. ಮಾರುವವನು ತನ್ನ ಸರಕಿಗೆ ಇಟ್ಟ ಹೆಸರಿನಲ್ಲಿಯೇ ಸತ್ಯವನ್ನು ಹೇಳಿದ್ದನು. ಅದನ್ನು ಬೇರೆಂದು ತಿಳಿದವನು ನಾನು. ಆ ರೈತನ ಮನೆಗೆ ಹೋಗಿ ನನ್ನ ಮಾತು ತಪ್ಪೆಂದು ಒಪ್ಪಿಕೊಂಡೆನು. ಆತನು ಬಹಳ ಹೊತ್ತು ಸುಮ್ಮನಿದ್ದು, "ಜೀವ ಇತ್ತಂತ ಗೊತ್ತಿದ್ರ ತರ್ತಿದ್ದಿಲ್ರಿ" ಎಂದನು. ಶಾಸ್ತ್ರಜ್ಞಾನವಿಲ್ಲದೆಯೂ ಸ್ಥಾವರ ಜಂಗಮಗಳ ಭೇದವು ಆತನ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು. ಆ ಭೇದವನ್ನು ಗುರುತಿಸಿ ಹೇಳಬೇಕಾದವನು ನಾನಾಗಿದ್ದೆನು.

ವಿದ್ವಾಂಸರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ಗ್ರಾಮಗಳಲ್ಲಿ ಜನರು ತಂದು ತೋರಿಸುವ ವಸ್ತುಗಳಿಗೆ ಕೋಶದ ಸಾದೃಶ್ಯದಿಂದ ಹೆಸರಿಡುವ ಮೊದಲು ಅದರ ದ್ರವ್ಯವನ್ನು ತಿಳಿದವರನ್ನು ಕೇಳಬೇಕು. ಸ್ನೇಹಾಮ್ಲ, ದ್ವಿಬಂಧ, ಅಷ್ಟಭುಜ ಹವಳ ಮೊದಲಾಗಿ ಇಲ್ಲಿ ಬಳಸಿದ ಶಬ್ದಗಳಲ್ಲಿ ದೋಷವಿದ್ದರೆ ತಿದ್ದಿ ತಿಳಿಸಬೇಕು.